ಕಲ್ಲಿನ ಗೆರೆ, ನೀರಿನ ಗೆರೆ

ಜಯನಗರದಿಂದಲೋ ಬನಶಂಕರಿಯಿಂದಲೋ ಕೃಷ್ಣರಾಜ ಮಾರುಕಟ್ಟೆಗೆ ಬಸ್ಸಿನಲ್ಲಿ ಹೋಗುವವರಿಗೆ, ಇಳಿಯಬೇಕಾದ ಹೊತ್ತಿಗೆ ರಸ್ತೆಯ ಪಕ್ಕದಲ್ಲಿ ಹಳೆಯ ಕಲ್ಲುಕೋಟೆಯ ಒಂದು ತುಂಡು ಕಾಣಸಿಗುತ್ತದೆ. ಹೂವು, ಬಾಳೆಎಲೆ, ತರಕಾರಿಯ ಗದ್ದಲದ ನಡುವೆ ಅದನ್ನು ನಿಂತು ನೋಡುವವರು ಕಡಿಮೆ. 1791ರ ಮಾರ್ಚ್ 21ರಂದು ಆಂಗ್ಲ ಸೈನ್ಯವು ಈ ಗೋಡೆಯನ್ನು ಒಡೆದು ಒಳನುಗ್ಗಿತೆಂದು ಅಲ್ಲಿನ ಫಲಕವೊಂದು ತಿಳಿಸುತ್ತದೆ. ಗೋಡೆ ಒಡೆದ ದಿನ ಫಲಕದಲ್ಲಿದೆ. ಮನಸ್ಸು ಒಡೆದ ದಿನ ಯಾವುದೆಂಬುದನ್ನು ಯಾವ ಫಲಕವೂ ಹೇಳುವುದಿಲ್ಲ. ಜೈನಾಗಮವು ಹಿಂಸೆಯ ಲೆಕ್ಕವನ್ನು ತೆರೆಯುವುದು ಮಾತ್ರ ಅಲ್ಲಿಂದಲೇ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಕರ್ಮದ ಆಸ್ರವವನ್ನು ವಿವರಿಸುವಾಗ ಮೂರು ಮೆಟ್ಟಿಲುಗಳನ್ನು ಹೇಳಿದೆ: ಸಂರಂಭ, ಸಮಾರಂಭ, ಆರಂಭ. ಮಾಡಬೇಕೆಂದು ಮನಸ್ಸು ಗಟ್ಟಿಯಾಗುವುದು ಸಂರಂಭ. ಅದಕ್ಕೆ ಬೇಕಾದ ಸಾಮಗ್ರಿಯನ್ನು ಕೂಡಿಹಾಕುವುದು ಸಮಾರಂಭ. ಕಾರ್ಯಕ್ಕೆ ಕೈಹಚ್ಚುವುದು ಆರಂಭ. ಇಂದಿನ ಕನ್ನಡದಲ್ಲಿ ಸಮಾರಂಭವೆಂದರೆ ಮದುವೆಮನೆಯ ನೆನಪಾಗುತ್ತದೆ. ಶಾಸ್ತ್ರದಲ್ಲಿ ಅದು ಮದ್ದುಗುಂಡಿನ ಉಗ್ರಾಣವೂ ಆಗಬಹುದು. ಲೋಕವು ಯುದ್ಧವೆಂದು ಕರೆಯುವುದು ಮೂರನೆಯ ಮೆಟ್ಟಿಲನ್ನು ಮಾತ್ರ. ಆದರೆ ಅಷ್ಟರಲ್ಲಿ ಮೊದಲ ಎರಡನ್ನು ಹತ್ತಿಯಾಗಿರುತ್ತದೆ, ಮತ್ತು ಹತ್ತಿದವರಿಗೆ ಇಳಿಯುವ ದಾರಿ ಕಾಣದಂತಾಗಿರುತ್ತದೆ.

ನಮ್ಮ ನಾಡಿನ ಇತಿಹಾಸದಲ್ಲಿಯೇ ಇದಕ್ಕೆ ಸ್ಪಷ್ಟವಾದ ದೃಷ್ಟಾಂತವಿದೆ. ಬೆಂಗಳೂರಿನ ಕೋಟೆ ಬಿದ್ದ ಮರುವರ್ಷ, 1792ರಲ್ಲಿ, ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಟಿಪ್ಪು ಸುಲ್ತಾನನು ಅರ್ಧ ರಾಜ್ಯವನ್ನು ಬಿಟ್ಟುಕೊಡಬೇಕಾಯಿತು. 3 ಕೋಟಿ 30 ಲಕ್ಷ ರೂಪಾಯಿ ತೆರಬೇಕಾಯಿತು. ಹಣ ಸಲ್ಲುವವರೆಗೆ ತನ್ನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಳಿಸಬೇಕಾಯಿತು. ಮಕ್ಕಳು 1794ರಲ್ಲಿ ಮರಳಿದರು. ಕಾಗದದ ಮೇಲೆ ಅದು ಶಾಂತಿ. ಆದರೆ ಸೋತವನ ಎದೆಯಲ್ಲಿ ಅದು ಅಪಮಾನವಾಗಿ, ಗೆದ್ದವನ ಎದೆಯಲ್ಲಿ ಅನುಮಾನವಾಗಿ ಉಳಿಯಿತು.

ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಕ್ರೋಧಕ್ಕೆ ನಾಲ್ಕು ಗೆರೆಗಳ ಉಪಮೆ ಕೊಟ್ಟಿದ್ದಾರೆ. ಒಂದು ನೀರಿನ ಮೇಲೆ ಎಳೆದ ಗೆರೆಯಂತೆ; ಎಳೆಯುತ್ತಿದ್ದಂತೆಯೇ ಅಳಿಯುತ್ತದೆ. ಇನ್ನೊಂದು ಧೂಳಿನ ಗೆರೆ, ಗಾಳಿ ಬೀಸಿದರೆ ಹೋಗುತ್ತದೆ. ಮತ್ತೊಂದು ನೆಲ ಬಿರಿದ ಗೆರೆ, ಮಳೆ ಬಂದರೆ ಮುಚ್ಚೀತು. ಕೊನೆಯದು ಕಲ್ಲಿನಲ್ಲಿ ಕೊರೆದದ್ದು. ಸಂಜ್ವಲನ ಕಷಾಯದ ವಾಸನೆ ಮುಹೂರ್ತದೊಳಗೆ ಮುಗಿಯುತ್ತದೆ. ಪ್ರತ್ಯಾಖ್ಯಾನದ್ದು ಒಂದು ಪಕ್ಷ, ಅಪ್ರತ್ಯಾಖ್ಯಾನದ್ದು ಆರು ತಿಂಗಳು. ಅದನ್ನೂ ಮೀರಿ ಉಳಿದದ್ದು ಅನಂತಾನುಬಂಧಿ, ಜನ್ಮಜನ್ಮಾಂತರಕ್ಕೂ ಹಬ್ಬುವಂಥದ್ದು. ಈ ಅಳತೆಗೋಲನ್ನು ಹಿಡಿದರೆ, 1792ರ ಗೆರೆ ಆರು ವರ್ಷಗಳಲ್ಲಿ ಯಾವ ನೆಲೆಗೆ ಇಳಿದಿತ್ತೆಂಬುದು ತಿಳಿಯುತ್ತದೆ.

ಟಿಪ್ಪು ಸಹಾಯಕ್ಕಾಗಿ ಫ್ರೆಂಚರ ಕಡೆ ನೋಡಿದನು. ಅವನ ದೂತರು 1798ರ ಜನವರಿಯಲ್ಲಿ ಫ್ರೆಂಚರ ವಶದಲ್ಲಿದ್ದ ಮಾರಿಷಸ್ ದ್ವೀಪವನ್ನು ತಲುಪಿದರು. ಗುಟ್ಟಾಗಿ ನಡೆಯಬೇಕಾಗಿದ್ದ ಮಾತನ್ನು ಅಲ್ಲಿನ ಗವರ್ನರ್ ಮಲಾರ್ಟಿಕ್ ಜನವರಿ 30ರಂದು ಘೋಷಣಾಪತ್ರವಾಗಿ ಹೊರಡಿಸಿ, ಮೈಸೂರಿನ ಪರ ಹೋರಾಡಲು ಸ್ವಯಂಸೇವಕರನ್ನು ಬಹಿರಂಗವಾಗಿ ಕರೆದುಬಿಟ್ಟನು. ದೊಡ್ಡ ಪಡೆಯ ನಿರೀಕ್ಷೆಯಿತ್ತು. ಏಪ್ರಿಲ್‌ನಲ್ಲಿ ಮಂಗಳೂರಿನ ದಡದಲ್ಲಿ ಇಳಿದವರು ಹೆಚ್ಚುಕಡಿಮೆ ನೂರು ಜನ. ಆ ನೂರು ಜನರಿಂದ ಯಾವ ಸಾಮ್ರಾಜ್ಯವೂ ಅಲುಗುತ್ತಿರಲಿಲ್ಲ. ಆದರೆ ಘೋಷಣಾಪತ್ರದ ಪ್ರತಿ ಜೂನ್ ತಿಂಗಳಲ್ಲಿ ಕಲ್ಕತ್ತೆಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಆಗಷ್ಟೇ ಗವರ್ನರ್ ಜನರಲ್ ಆಗಿ ಬಂದಿದ್ದ ಲಾರ್ಡ್ ಮಾರ್ನಿಂಗ್ಟನ್, ಮುಂದೆ ವೆಲ್ಲೆಸ್ಲಿ ಎಂದು ಪ್ರಸಿದ್ಧನಾದವನು, ಅದೇ ತಿಂಗಳು ಮದ್ರಾಸಿನ ಕಡೆ ಸೈನ್ಯ ಕೂಡಿಸಲು ಆದೇಶ ಕಳಿಸಿದನು. ಸಂರಂಭವಾಯಿತು, ಸಮಾರಂಭವೂ ಮೊದಲಾಯಿತು. ಟಿಪ್ಪುವಿಗೆ ಮಾತ್ರ ಈ ಕುರಿತು ಒಂದು ಮಾತನ್ನೂ ಇನ್ನೂ ಕೇಳಿರಲಿಲ್ಲ.

ಕೇಳಿದ್ದು ನವೆಂಬರ್‌ನಲ್ಲಿ. ಅಷ್ಟರೊಳಗೆ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದಿದ್ದನು. ಅವನ ನೌಕಾಬಲವನ್ನು ನೆಲ್ಸನ್ ಆಗಸ್ಟ್ 1ರಂದು ನಾಶಮಾಡಿಯೂ ಆಗಿತ್ತು. ಫ್ರೆಂಚರ ಭಯವು ನಿಜವಾಗಿ ಕಡಿಮೆಯಾಗಬೇಕಿದ್ದ ಕಾಲ ಅದು. ಭಯ ಕಡಿಮೆಯಾಯಿತು, ಸಿದ್ಧತೆ ಕಡಿಮೆಯಾಗಲಿಲ್ಲ. ಹೈದರಾಬಾದಿನ ನಿಜಾಮನೊಡನೆ ಒಪ್ಪಂದವಾಯಿತು. ಅವನ ಬಳಿಯಿದ್ದ ಫ್ರೆಂಚ್ ಪಡೆಯ ಆಯುಧಗಳನ್ನು ಕೆಳಗಿಡಿಸಲಾಯಿತು. ಆ ಬಳಿಕ ಪತ್ರಗಳು ಹೋದವು. ಮೇಜರ್ ಡವ್ಟನ್ ಎಂಬ ಅಧಿಕಾರಿಯನ್ನು ಮಾತುಕತೆಗೆ ಬರಮಾಡಿಕೊಳ್ಳಬೇಕೆಂದು ಮಾರ್ನಿಂಗ್ಟನ್ ಬರೆದನು. ಒತ್ತೆಯಿದ್ದ ಮಕ್ಕಳನ್ನು ನಾಲ್ಕು ವರ್ಷಗಳ ಹಿಂದೆ ತಂದೆಯ ಬಳಿಗೆ ತಲುಪಿಸಿದವನು ಈ ಡವ್ಟನ್ನನೇ. ಇಬ್ಬರ ನಡುವೆ ಇಂತಹ ಮನುಷ್ಯನೊಬ್ಬನು ಕುಳಿತಿದ್ದರೆ ಏನಾಗುತ್ತಿತ್ತೋ! ಟಿಪ್ಪು ಮಾರಿಷಸ್ಸಿಗೆ ಹೋದದ್ದು ವ್ಯಾಪಾರದ ಹಡಗೆಂದು ಸಾಧಿಸಿದನು; ದಿನ ತಳ್ಳಿದನು. 1799ರ ಜನವರಿ 9ರ ಪತ್ರದಲ್ಲಿ ಮಾರ್ನಿಂಗ್ಟನ್, ಓಲೆ ಕೈಸೇರಿದ ಒಂದು ದಿನದೊಳಗೆ ಉತ್ತರ ಬರಬೇಕೆಂದನು.

ಈ ಅವಸರಕ್ಕೆ ಒಂದು ಕಾರಣವಿತ್ತು. ಮುಂಗಾರು ಹಿಡಿದು ಕಾವೇರಿ ತುಂಬಿದರೆ ಶ್ರೀರಂಗಪಟ್ಟಣದ ಮುತ್ತಿಗೆ ಸಾಧ್ಯವಿರಲಿಲ್ಲ. ಕಲೆಹಾಕಿದ ಸೈನ್ಯ, ಸಾವಿರಾರು ಎತ್ತುಗಳು, ಧಾನ್ಯ, ತೋಪುಗಳು, ಎಲ್ಲವೂ ಋತುವನ್ನು ಎಣಿಸುತ್ತಿದ್ದವು. ಶಾಂತಿಯ ಮಾತಿಗೆ ಎಷ್ಟು ದಿನ ಕೊಡಬೇಕೆಂಬುದನ್ನು ಈಗ ಮನುಷ್ಯರಲ್ಲ, ಸಮಾರಂಭವೇ ನಿರ್ಣಯಿಸುತ್ತಿತ್ತು. ಫೆಬ್ರವರಿ 3ರಂದು ಸೈನ್ಯಕ್ಕೆ ಮುನ್ನಡೆಯುವ ಆಜ್ಞೆಯಾಯಿತು. ತಾನು ಬೇಟೆಗೆ ಹೊರಟಿರುವೆನೆಂದೂ ಡವ್ಟನ್ನನನ್ನು ಕಡಿಮೆ ಪರಿವಾರದೊಡನೆ ಕಳಿಸಬಹುದೆಂದೂ ಒಪ್ಪಿದ ಟಿಪ್ಪುವಿನ ಪತ್ರ ಮದ್ರಾಸನ್ನು ಮುಟ್ಟಿದ್ದು ಫೆಬ್ರವರಿ 13ರಂದು. ಹತ್ತು ದಿನ ತಡ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಕೋಟೆಯ ಬಾಗಿಲ ಬಳಿ ಹತನಾದನು. ಅವನೊಡನೆ ಸತ್ತ ಸಾವಿರಾರು ಜನರಲ್ಲಿ ಮಲಾರ್ಟಿಕ್‌ನ ಹೆಸರನ್ನೂ ಕೇಳದವರೇ ಹೆಚ್ಚಾಗಿದ್ದಿರಬೇಕು.

ಇದರಲ್ಲಿ ಯಾರು ಸರಿ, ಯಾರು ತಪ್ಪು ಎಂದು ಇತಿಹಾಸಕಾರರು ವಾದಿಸಲಿ. ಶಾಸ್ತ್ರದ ಕಣ್ಣಿಗೆ ಮುಖ್ಯವಾಗಿ ಕಾಣುವುದು ಒಂದೊಂದು ಮೆಟ್ಟಿಲೂ ಮುಂದಿನದನ್ನು ಎಳೆದುಕೊಂಡ ಬಗೆ. 1914ರಲ್ಲಿ ಯುರೋಪಿನಲ್ಲಿಯೂ ಹೀಗೆಯೇ ಆಯಿತು. ಜೂನ್ 28ರಂದು ಸರಾಯೆವೊದಲ್ಲಿ ಯುವರಾಜನ ಕೊಲೆಯಾದ ಮೇಲೆ, ಆಗಸ್ಟ್ 4ಕ್ಕೆ ಬ್ರಿಟನ್ನೂ ಯುದ್ಧಕ್ಕಿಳಿದಿತ್ತು. ಅಲ್ಲಿ ಕಾವೇರಿಯ ಸ್ಥಾನದಲ್ಲಿ ಸೈನಿಕರನ್ನು ಗಡಿಗೆ ಸಾಗಿಸುವ ರೈಲುಗಳ ವೇಳಾಪಟ್ಟಿ ಇತ್ತು.

ಹಾಗಾದರೆ ನಡುವೆ ತಡೆಯಲು ಸಾಧ್ಯವೇ ಇಲ್ಲವೇ? ಆದಿಪುರಾಣದ ಭರತ-ಬಾಹುಬಲಿ ಪ್ರಸಂಗವನ್ನು ಈ ಪ್ರಶ್ನೆಯೊಡನೆ ಓದಬೇಕು. ದಿಗ್ವಿಜಯ ಮುಗಿಸಿ ಬಂದ ಭರತನ ಚಕ್ರರತ್ನವು ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಟ್ಟಿತು. ತಮ್ಮಂದಿರು ಎರಗಿರಲಿಲ್ಲವೆಂಬುದು ಕಾರಣ. ಆಯುಧವೇ ಮುಂದಿನ ಕದನವನ್ನು ಕೇಳಿತು! ದೂತನು ಪೌದನಪುರಕ್ಕೆ ಹೋದನು, ಮಾತಿಗೆ ಮಾತು ಬೆಳೆಯಿತು, ಎರಡು ಸೇನೆಗಳು ಎದುರುಬದುರು ನಿಂತವು. ಸಂರಂಭವೂ ಸಮಾರಂಭವೂ ಮುಗಿದಿದ್ದವು. ಆಗ ಎರಡೂ ಕಡೆಯ ಮಂತ್ರಿಗಳು ಕೂಡಿ ಯೋಚಿಸಿದರು. ಇವರಿಬ್ಬರೂ ಚರಮಶರೀರಿಗಳು, ಇದೇ ದೇಹದಿಂದ ಮೋಕ್ಷ ಪಡೆಯುವವರು. ಇವರಿಗೆ ಸಾವಿನ ಭಯವಿಲ್ಲ, ಸಾಯುವುದು ಸೇನೆ ಮಾತ್ರ ಎಂಬುದು ಅವರ ವಿವೇಚನೆ. ಜಗಳ ಇಬ್ಬರದಾದರೆ ಹೋರಾಟವೂ ಇಬ್ಬರದೇ ಆಗಲೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಅವರು ಏರ್ಪಡಿಸಿದರು. ಮುಂದಿನ ಬಾಹುಬಲಿಯ ವೈರಾಗ್ಯವನ್ನು ನಾವು ಅಭಿಷೇಕ ಮಾಡಿ ಪೂಜಿಸುತ್ತೇವೆ, ಅದು ಯುಕ್ತವೇ. ಆದರೆ ಸಾಯುವವರು ಯಾರೆಂದು ಕೇಳಿದ ಆ ಮಂತ್ರಿಗಳ ಹೆಸರನ್ನು ಪ್ರವಚನಗಳಲ್ಲಿ ಯಾರೂ ಎತ್ತುವುದಿಲ್ಲ. ಎರಡನೆಯ ಮೆಟ್ಟಿಲಿನಿಂದ ಮೂರನೆಯದಕ್ಕೆ ಕಾಲಿಡದಂತೆ ಎರಡು ಸೈನ್ಯಗಳನ್ನು ತಡೆದವರು ಅವರು.

ಜೈನಧರ್ಮವು ಗೃಹಸ್ಥನಿಗೆ ರಕ್ಷಣೆಯ ಹಕ್ಕನ್ನು ನಿರಾಕರಿಸಿಲ್ಲ. ಸಂಕಲ್ಪಪೂರ್ವಕವಾದ ಹಿಂಸೆಯನ್ನು ಶ್ರಾವಕನು ಬಿಡಲೇಬೇಕು. ಆಕ್ರಮಣವನ್ನು ಎದುರಿಸುವಾಗ ಆಗುವ ವಿರೋಧೀ ಹಿಂಸೆಯನ್ನು ಅಣುವ್ರತಿಗೆ ಪೂರ್ಣವಾಗಿ ಬಿಡಲಾಗದೆಂದು ಆಚಾರ್ಯರು ಒಪ್ಪಿದ್ದಾರೆ. ಚಾವುಂಡರಾಯನೇ ಗಂಗರ ಸೇನಾಪತಿ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದಾಗ, ಅವರಲ್ಲಿ ಕರ್ನಾಟಕದವರೂ ಇದ್ದಾಗ, ಪ್ರಜೆಗಳನ್ನು ಕಾಯುವುದು ರಾಜ್ಯದ ಧರ್ಮವಲ್ಲವೆಂದು ಯಾವ ಶ್ರಾವಕನೂ ಹೇಳಲಾರನು. ಗಡಿಯಲ್ಲಿ ನಿಂತ ಸೈನಿಕನ ಲೆಕ್ಕ ಬೇರೆ. ಮನೆಯಲ್ಲಿ ಕುಳಿತವನ ಲೆಕ್ಕ ಬೇರೆ.

ಆ ಎರಡನೆಯ ಲೆಕ್ಕ ಜಪಮಾಲೆಯಲ್ಲಿದೆ. ಸಂರಂಭಾದಿ ಮೂರನ್ನು ಮನ, ವಚನ, ಕಾಯಗಳೆಂಬ ಮೂರರಿಂದ ಗುಣಿಸಬೇಕು. ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು, ಅಂದರೆ ಕೃತ, ಕಾರಿತ, ಅನುಮತ ಎಂಬ ಮೂರರಿಂದ ಮತ್ತೆ ಗುಣಿಸಬೇಕು. ಕ್ರೋಧ, ಮಾನ, ಮಾಯಾ, ಲೋಭಗಳೆಂಬ ನಾಲ್ಕರಿಂದ ಗುಣಿಸಿದರೆ 108. ಮಾಲೆಗೆ 108 ಮಣಿಗಳಿರುವುದು ಈ 108 ಬಾಗಿಲುಗಳಿಂದ ಬರುವ ಪಾಪಕ್ಕಾಗಿ ಎಂದು ಹಿರಿಯರು ಹೇಳುತ್ತಾರೆ. ಅದರಲ್ಲಿ 36 ಮಣಿಗಳು ಬರೀ ಮೆಚ್ಚುಗೆಯವು.

2025ರ ಮೇ 8ರ ರಾತ್ರಿ ಜಯನಗರ, ಜೆ.ಪಿ. ನಗರಗಳ ಎಷ್ಟೋ ಮನೆಗಳಲ್ಲಿ ಟೀವಿ ನಂದಲಿಲ್ಲ. ಕರಾಚಿಯ ಬಂದರನ್ನು ನಮ್ಮ ನೌಕಾಪಡೆ ಸುಟ್ಟಿತೆಂದು ಕೆಲವು ವಾಹಿನಿಗಳು ಸಾರಿದವು. ಮೊಬೈಲಿನಿಂದ ಮೊಬೈಲಿಗೆ ಅದು ಹಾರಿತು. ಚಪ್ಪಾಳೆಯ ಚಿತ್ರಗಳು ಜೊತೆಗೂಡಿದವು. ಬೆಳಗಾದಾಗ ಅದು ನಡೆಯದ ಸಂಗತಿಯೆಂದು ತಿಳಿಯಿತು. ಊರೊಂದು ಉರಿಯಿತೆಂದು ನಂಬಿ ಸಂತೋಷಪಟ್ಟದ್ದು ಮಾತ್ರ ನಡೆದ ಸಂಗತಿ. ಅಂತಹ ಸಂತೋಷವು ಆಳುವವರನ್ನು ಮುಟ್ಟುವುದಿಲ್ಲವೆಂದು ತಿಳಿಯಬಾರದು. ಎರಡೂ ದೇಶಗಳಲ್ಲಿ ಹಿಂದೆ ಸರಿಯಲು ಬಯಸುವ ಮಂತ್ರಿಯು ಕಿವಿಗೊಡುವುದು ತನ್ನ ಜನರ ಕೂಗಿಗೇ.

ಮೇ 10ರ ಶನಿವಾರ ಸಂಜೆ ಕದನ ನಿಂತಿತು. ಮರುದಿನ ವೈಶಾಖ ಶುಕ್ಲ ಚತುರ್ದಶಿ, ಪಾಕ್ಷಿಕ ಪ್ರತಿಕ್ರಮಣದ ದಿನ. ಹದಿನೈದು ದಿನಗಳ ದೋಷವನ್ನು ಕೃತ, ಕಾರಿತ, ಅನುಮತವೆಂದು ಎಣಿಸಿ, ಗೆರೆ ನೆಲಕ್ಕೆ ಇಳಿಯುವ ಮುನ್ನ ಅಳಿಸಲೆಂದೇ ಇಟ್ಟ ದಿನ. ಬೆಂಗಳೂರಿನ ಬಸದಿಗಳಲ್ಲಿ, ಸ್ಥಾನಕಗಳಲ್ಲಿ ಅಂದು ಆ ಪಾಠ ಎಂದಿನಂತೆ ನಡೆಯಿತು. ಅನುಮತವೆಂಬ ಮಾತು ಬಂದಾಗ ಮೊಬೈಲಿನ ಆ ರಾತ್ರಿಯನ್ನು ನೆನೆದವರು ಎಷ್ಟು ಮಂದಿಯೋ.