ಕಲ್ಪನೆಗೆ ಮೂಡಿದ ರೆಕ್ಕೆ

ಮಕ್ಕಳು ನೋಡುವ ಕಲ್ಪಿತ ಕಥಾಚಿತ್ರಗಳನ್ನು ಹಿರಿಯರಾದ ನಾವು ಕಾಲಹರಣವೆಂದೇ ತಳ್ಳಿಹಾಕುವುದುಂಟು. ಅಂಥದೊಂದು ಚಿತ್ರದಿಂದ ನಿಜವಾದ ವಿಮಾನವೇ ಜನ್ಮತಾಳಿದ ವೃತ್ತಾಂತವನ್ನು ವಾಚಕರ ಮುಂದಿಡಬಯಸುತ್ತೇವೆ.

ಜಪಾನಿನ ಹಯಾವೊ ಮಿಯಾಜಾಕಿಯವರು 1984ರಲ್ಲಿ ‘ಗಾಳಿಯ ಕಣಿವೆಯ ನೌಸಿಕಾ’ ಎಂಬ ವೈಜ್ಞಾನಿಕ ಕಲ್ಪನೆಯ ಚಿತ್ರವನ್ನು ನಿರ್ದೇಶಿಸಿದರು. ಯುದ್ಧದಿಂದ ನಾಗರಿಕತೆ ನಾಶವಾಗಿ ಸಾವಿರ ವರ್ಷಗಳು ಸಂದ ಮೇಲಿನ ಕಥೆಯದು. ಅದರ ನಾಯಕಿ ಬಾಲವಿಲ್ಲದ ಪುಟ್ಟ ಬಿಳಿಯ ವಾಹನದ ಮೇಲೆ ಗಗನಸಂಚಾರ ಮಾಡುತ್ತಾಳೆ. ಅದರ ಹೆಸರು ‘ಮೋವೆ’. ಜರ್ಮನ್ ಭಾಷೆಯಲ್ಲಿ ಕಡಲಹಕ್ಕಿ ಎಂದರ್ಥ.

1966ರಲ್ಲಿ ಜನಿಸಿದ ಕಲಾವಿದ ಕಝುಹಿಕೊ ಹಚಿಯಾ ಅವರು ಇಂಥ ವಾಹನವನ್ನು ನಿಜವಾಗಿ ಹಾರಿಸಬೇಕೆಂದು 2003ರಲ್ಲಿ ಸಂಕಲ್ಪಿಸಿದರು. ಚಿತ್ರಗಾರನ ಕುಂಚಕ್ಕೆ ಗುರುತ್ವಾಕರ್ಷಣೆಯ ಹಂಗಿಲ್ಲ, ವಿಮಾನಕ್ಕೆ ಉಂಟು. ಸಾಮಾನ್ಯ ವಿಮಾನದ ಮೂತಿ ಏಳದಂತೆ, ಬೀಳದಂತೆ ಕಾಯುವುದು ಅದರ ಬಾಲ. ಬಾಲವಿಲ್ಲದಿದ್ದಾಗ ಆ ಭಾರವನ್ನೆಲ್ಲ ರೆಕ್ಕೆಯೇ ಹೊರಬೇಕು; ತೂಕದ ಕೇಂದ್ರ ತುಸು ಹಿಂದೆ ಸರಿದರೂ ಸಮತೋಲ ತಪ್ಪುತ್ತದೆ. ಸುಮಾರು ನೂರು ಕಿಲೋಗ್ರಾಂ ತೂಕದ ಯಂತ್ರದ ಮೇಲೆ ಮನುಷ್ಯನೊಬ್ಬ ಬೋರಲಾಗಿ ಮಲಗಿದರೆ, ಅವನ ದೇಹವೇ ಆ ತೂಕದ ದೊಡ್ಡ ಪಾಲು.

ಆದ್ದರಿಂದ ಅವರು ಆತುರಪಡಲಿಲ್ಲ. ವಿಮಾನತಜ್ಞರ ನೆರವು ಪಡೆದು ಮೊದಲು ಚಿಕ್ಕ ಮಾದರಿಯನ್ನು, ಬಳಿಕ ಎಂಜಿನ್ ಇಲ್ಲದ ಗ್ಲೈಡರನ್ನು ಪರೀಕ್ಷಿಸಿದರು. ರೆಕ್ಕೆಯ ಹರವು ಹತ್ತು ಮೀಟರಿಗೆ ಸಮೀಪವಾಯಿತು. ಪುಟ್ಟ ಜೆಟ್ ಎಂಜಿನ್ ಅಳವಡಿಸಿದ ‘ಎಂ-02ಜೆ’ ನೆಲಬಿಟ್ಟು ಮೇಲೆದ್ದದ್ದು 2013ರಲ್ಲಿ. ಸಂಕಲ್ಪಕ್ಕೂ ಸಿದ್ಧಿಗೂ ನಡುವೆ ಹತ್ತು ವರ್ಷಗಳು! 2016ರಲ್ಲಿ ಹೊಕ್ಕೈಡೊ ದ್ವೀಪದ ತಕಿಕಾವಾದಲ್ಲಿ ಸಾರ್ವಜನಿಕರೆದುರು, 2019ರಲ್ಲಿ ಅಮೆರಿಕದ ಆಷ್‌ಕಾಷ್ ವಿಮಾನಮೇಳದಲ್ಲಿ ಅದು ಹಾರಿತು. ಹಾರಿಸಿದವರು ಸ್ವತಃ ಹಚಿಯಾ ಅವರೇ. ಲೆಕ್ಕ ತಪ್ಪಿದ್ದರೆ ದಂಡ ತೆರಬೇಕಾಗಿದ್ದುದು ಅವರ ಪ್ರಾಣವೇ. ಅವರ ತಾಳ್ಮೆಯ ಬೆಲೆ ಇಲ್ಲಿ ತಿಳಿಯುತ್ತದೆ.

ಕಲ್ಪನೆ ರೂಪವನ್ನು ಕೊಟ್ಟಿತು. ಅದಕ್ಕೆ ಪ್ರಾಣ ಕೊಟ್ಟದ್ದು ಗಣಿತ ಮತ್ತು ಸಹನೆ. ಒಂದಿಲ್ಲದೆ ಇನ್ನೊಂದು ನೆಲಬಿಟ್ಟು ಏಳದು. ನಿಮ್ಮ ಮಗು ವಿಚಿತ್ರ ವಿಮಾನದ ಚಿತ್ರ ಬರೆದು ‘ಇದು ಹಾರುತ್ತದೆಯೇ?’ ಎಂದು ಕೇಳಿದರೆ ನಕ್ಕು ಕಳುಹಿಸಬೇಡಿರಿ. ‘ಇದರ ತೂಕವೆಷ್ಟು? ಇದು ವಾಲದಂತೆ ಹಿಡಿಯುವುದು ಯಾವುದು?’ ಎಂದು ಮರುಪ್ರಶ್ನೆ ಹಾಕಿರಿ. ಉತ್ತರ ಹುಡುಕಲು ಮಗು ಕುಳಿತರೆ, ಅದರ ವಿದ್ಯಾಭ್ಯಾಸ ಅಂದೇ ಆರಂಭವಾಯಿತೆಂದು ನಾವು ಭಾವಿಸುತ್ತೇವೆ.