ಮಕ್ಕಳಿಗೆ ಚೇಳು ಕಡಿತ: ಲಕ್ಷಣಗಳು, ಪ್ರಥಮ ಚಿಕಿತ್ಸೆ ಮತ್ತು ಆಸ್ಪತ್ರೆಯ ಚಿಕಿತ್ಸೆ

ಭಾರತದಲ್ಲಿ ಕಂಡುಬರುವ ಚೇಳುಗಳಲ್ಲಿ ಕೆಂಪು ಚೇಳು ಅತ್ಯಂತ ಅಪಾಯಕಾರಿಯಾದುದು. ಕರಿ ಚೇಳು ಗಾತ್ರದಲ್ಲಿ ದೊಡ್ಡದಾದರೂ ಅದರ ವಿಷವು ಸಾಮಾನ್ಯವಾಗಿ ಪ್ರಾಣಾಂತಿಕವಲ್ಲ. ಮಕ್ಕಳ ದೇಹತೂಕ ಕಡಿಮೆ ಇರುವುದರಿಂದ ಅಷ್ಟೇ ಪ್ರಮಾಣದ ವಿಷವು ಅವರಿಗೆ ವಯಸ್ಕರಿಗಿಂತ ಹೆಚ್ಚು ಹಾನಿ ಉಂಟುಮಾಡುತ್ತದೆ.

ಅಪಾಯದ ಲಕ್ಷಣಗಳು

* ಪದೇ ಪದೇ ವಾಂತಿ, ಮೈಯೆಲ್ಲ ಬೆವರುವುದು, ಬಾಯಲ್ಲಿ ಜೊಲ್ಲು ಸುರಿಯುವುದು
* ಕೈಕಾಲುಗಳು ತಣ್ಣಗಾಗುವುದು
* ಗಂಡುಮಕ್ಕಳಲ್ಲಿ ಜನನೇಂದ್ರಿಯದ ನಿಮಿರುವಿಕೆ
* ಎದೆಬಡಿತದ ಏರುಪೇರು, ಕೆಮ್ಮು, ಏದುಸಿರು, ಬಾಯಿಂದ ನಸುಗೆಂಪು ನೊರೆ

ನೋವಿನ ತೀವ್ರತೆಯಿಂದ ಅಪಾಯವನ್ನು ಅಳೆಯಬಾರದು. ವಿಪರೀತ ನೋವಿದ್ದು ಬೇರೆ ಲಕ್ಷಣಗಳಿಲ್ಲದ ಮಗು ಬಹುತೇಕ ಚೇತರಿಸಿಕೊಳ್ಳುತ್ತದೆ. ನೋವು ಅಲ್ಪವಾಗಿದ್ದು, ಮಗು ಬೆವರಿ ತಣ್ಣಗಾಗುತ್ತಿದ್ದರೆ ಅದು ಗಂಭೀರ ಸ್ಥಿತಿಯ ಸೂಚನೆ.

ಪ್ರಥಮ ಚಿಕಿತ್ಸೆ

* ಮಗುವಿಗೆ ಧೈರ್ಯ ಹೇಳಿ, ಓಡಾಡಿಸದೆ ಮಲಗಿಸುವುದು.
* ಕಡಿತದ ಜಾಗವನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡುವುದು.
* ತಡಮಾಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯುವುದು. ಕರ್ನಾಟಕದಲ್ಲಿ ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಬಹುದು.

ಗಾಯವನ್ನು ಕೊಯ್ಯುವುದು, ವಿಷ ಹೀರುವುದು, ಬಿಗಿಯಾಗಿ ಕಟ್ಟುವುದು ಹಾಗೂ ಮಂತ್ರ, ನಾಟಿ ಮದ್ದುಗಳಿಗಾಗಿ ಸಮಯ ಕಳೆಯುವುದು ಸಲ್ಲದು.

ಆಸ್ಪತ್ರೆಯ ಚಿಕಿತ್ಸೆ

ಚೇಳಿನ ವಿಷವು ನರಗಳನ್ನು ಕೆರಳಿಸಿ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಇದರಿಂದ ಹೃದಯದ ಮೇಲೆ ಹೊರೆ ಬಿದ್ದು, ಶ್ವಾಸಕೋಶದಲ್ಲಿ ನೀರು ತುಂಬುವ ಸಂಭವವಿರುತ್ತದೆ. ರಕ್ತನಾಳಗಳನ್ನು ಸಡಿಲಗೊಳಿಸುವ ಪ್ರಾಜೋಸಿನ್ ಮಾತ್ರೆ ಇದಕ್ಕೆ ಮುಖ್ಯ ಔಷಧ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡದಲ್ಲಿ ಸೇವೆ ಸಲ್ಲಿಸಿದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ ಈ ಚಿಕಿತ್ಸೆಯನ್ನು ಬಳಕೆಗೆ ತಂದರು. ಅದಕ್ಕೂ ಮುನ್ನ ತೀವ್ರ ವಿಷಬಾಧೆಗೊಳಗಾದವರಲ್ಲಿ ಸುಮಾರು ಶೇ. 30ರಷ್ಟಿದ್ದ ಮರಣ ಪ್ರಮಾಣವು ನಂತರ ತೀರ ಕಡಿಮೆಯಾಯಿತು. ಅವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಲಭಿಸಿತು.

ಮಕ್ಕಳಿಗೆ ಪ್ರತಿ ಕಿಲೋಗ್ರಾಂ ತೂಕಕ್ಕೆ 30 ಮೈಕ್ರೋಗ್ರಾಂನಂತೆ ವೈದ್ಯರು ಈ ಔಷಧ ನೀಡುತ್ತಾರೆ. ಕೈಕಾಲು ಬೆಚ್ಚಗಾಗುವವರೆಗೆ ನಿಗದಿತ ಅಂತರದಲ್ಲಿ ಪುನಃ ಕೊಡುತ್ತಾರೆ. ಮೊದಲ ಮಾತ್ರೆಯ ನಂತರ ರಕ್ತದೊತ್ತಡ ಕುಸಿಯಬಹುದಾದ್ದರಿಂದ ಮಗುವನ್ನು ಎತ್ತಿ ನಿಲ್ಲಿಸಬಾರದು. ಪಾಲಕರು ತಾವಾಗಿಯೇ ಈ ಮಾತ್ರೆ ಕೊಡಬಾರದು.

ಲಭ್ಯವಿದ್ದಲ್ಲಿ ಚೇಳಿನ ಪ್ರತಿವಿಷವನ್ನೂ ನೀಡಲಾಗುತ್ತದೆ. 2011ರಲ್ಲಿ ಪ್ರಕಟವಾದ 70 ರೋಗಿಗಳ ಅಧ್ಯಯನದಲ್ಲಿ, ಎರಡನ್ನೂ ಪಡೆದ 35 ಜನರ ಪೈಕಿ 32 ಜನರು 10 ಗಂಟೆಗಳೊಳಗೆ ಗುಣಮುಖರಾದರು. ಪ್ರಾಜೋಸಿನ್ ಮಾತ್ರ ಪಡೆದ 35 ಜನರಲ್ಲಿ ಈ ಸಂಖ್ಯೆ 8 ಆಗಿತ್ತು. ಹಾವು ಕಡಿತದ ಪ್ರತಿವಿಷವು ಚೇಳಿನ ವಿಷಕ್ಕೆ ಕೆಲಸ ಮಾಡುವುದಿಲ್ಲ.

ವೈದ್ಯರಿಗೆ ನೀಡಬೇಕಾದ ಮಾಹಿತಿ

* ಕಡಿದ ಸಮಯ ಮತ್ತು ಚೇಳಿನ ಬಣ್ಣ (ಚೇಳನ್ನು ಹಿಡಿದು ತರುವ ಅಗತ್ಯವಿಲ್ಲ)
* ಮಗುವಿನ ವಯಸ್ಸು, ತೂಕ
* ವಾಂತಿ, ಬೆವರು ಆರಂಭವಾದ ವೇಳೆ
* ಈಗಾಗಲೇ ಕೊಟ್ಟಿರುವ ಔಷಧ

ಮುನ್ನೆಚ್ಚರಿಕೆ

ಪಾದರಕ್ಷೆ, ಬಟ್ಟೆ, ಹಾಸಿಗೆಗಳನ್ನು ಕೊಡವಿ ಬಳಸಬೇಕು. ಸೌದೆ, ಕಲ್ಲು, ಹೆಂಚುಗಳ ರಾಶಿಯ ಬಳಿ ಮಕ್ಕಳನ್ನು ಆಡಲು ಬಿಡಬಾರದು. ಗೋಡೆಯ ಬಿರುಕುಗಳನ್ನು ಮುಚ್ಚಬೇಕು. ಕಡಿತದ ನಂತರ ಮಗು ಚೆನ್ನಾಗಿ ಕಂಡರೂ ವೈದ್ಯರು ಸೂಚಿಸುವವರೆಗೆ ಆಸ್ಪತ್ರೆಯಲ್ಲಿಯೇ ಇರಿಸಬೇಕೆಂದು ಪಾಲಕರಲ್ಲಿ ಕೋರಲಾಗಿದೆ.