ಕಬ್ಬಿನ ಬಾಯಾರಿಕೆಗೆ ಮಣ್ಣಿನ ಮದ್ದು

ಗ್ರಾಂಟ್ ರೋಡಿನ ಹೊಟೇಲುಗಳಲ್ಲಿ ದಿನವಿಡೀ ಚಹಕ್ಕೆ ಸಕ್ಕರೆ ಬೆರೆಸುವ ನಮ್ಮ ಬಂಧುಗಳಲ್ಲಿ ಕೆಲವರಿಗಾದರೂ ಊರಿನಲ್ಲಿ ಕಬ್ಬಿನ ಗದ್ದೆಯುಂಟು. ಮಳೆ ತಪ್ಪಿದ ವರುಷ ಅಲ್ಲಿಂದ ಬರುವ ಸುದ್ದಿ ಒಂದೇ: ಬಾವಿ ಬತ್ತಿತು, ಇನ್ನೊಂದು ಕೊಳವೆಬಾವಿಗೆ ಹಣ ಕಳುಹಿಸಿರಿ. 2023ರಲ್ಲಿ ಕರ್ನಾಟಕ ಸರಕಾರವು ಇನ್ನೂರಕ್ಕೂ ಮಿಕ್ಕ ತಾಲೂಕುಗಳನ್ನು ಬರಪೀಡಿತವೆಂದು ಸಾರಿದ್ದನ್ನು ಓದುಗರು ಮರೆತಿರಲಾರರು. ಹಣ ಕಳುಹಿಸುವ ಮುನ್ನ ಮಣ್ಣಿನ ಯೋಗಕ್ಷೇಮವನ್ನೂ ಒಮ್ಮೆ ವಿಚಾರಿಸಬೇಕೆಂದು ನಮ್ಮ ವಿನಂತಿ.

ಕಬ್ಬು ವರುಷದ ಬೆಳೆ. ಅದಕ್ಕೆ 1500ರಿಂದ 2500 ಮಿಲಿಮೀಟರ್ ನೀರು ಬೇಕು. ಅಥಣಿ, ಜಮಖಂಡಿಗಳ ಬಯಲಿನಲ್ಲಿ ಅದರ ಅರ್ಧದಷ್ಟೂ ಮಳೆ ಬೀಳುವುದಿಲ್ಲ. ಉಳಿದುದನ್ನು ಕಾಲುವೆಯೋ ಬಾವಿಯೋ ಕೊಡಬೇಕು. ಕೊಟ್ಟದ್ದನ್ನು ಹಿಡಿದಿಡುವ ಕಸುವು ಮಣ್ಣಿಗಿಲ್ಲದಿದ್ದರೆ ಎಷ್ಟು ಬಾವಿ ತೋಡಿಸಿದರೂ ಓಟೆ ಕೊಡಕ್ಕೆ ನೀರು ಹೊಯ್ದಂತೆಯೇ ಸರಿ.

ಮದ್ದು ಸಕ್ಕರೆ ಕಾರ್ಖಾನೆಯ ಹಿತ್ತಿಲಲ್ಲೇ ಬಿದ್ದಿದೆ. ರಸವನ್ನು ಸೋಸಿದಾಗ ಉಳಿಯುವ ಕಪ್ಪು ಮಡ್ಡಿಗೆ ಪ್ರೆಸ್‌ಮಡ್ ಎನ್ನುತ್ತಾರೆ. ನೂರು ಟನ್ ಕಬ್ಬು ಅರೆದರೆ ಮೂರು ನಾಲ್ಕು ಟನ್ ದೊರೆಯುತ್ತದೆ. ಸೆಗಣಿಯೊಡನೆ ಕೊಳೆಸಿ ಹಾಕಿದರೆ ಮಣ್ಣು ಸಡಿಲಗೊಂಡು ತೇವವನ್ನು ಹೆಚ್ಚು ದಿನ ಹಿಡಿಯುತ್ತದೆ, ಬೇರು ಆಳಕ್ಕಿಳಿಯುತ್ತದೆ. ಹಸಿಯಾಗಿ ಹಾಕಿದರೆ ಮಾತ್ರ ಅದು ಬಿಸಿಯೇರಿ ಎಳೆಯ ಮೊಳಕೆಗೆ ಕೇಡು.

ಎರಡನೆಯದು ರವದಿ, ಕಬ್ಬಿನ ಒಣಗರಿಗೆ ಮಂಡ್ಯದವರು ತರಗೆನ್ನುತ್ತಾರೆ. ಕಟಾವಾದೊಡನೆ ಅದಕ್ಕೆ ಬೆಂಕಿ ಹಚ್ಚುವುದು ಇನ್ನೂ ನಿಂತಿಲ್ಲ. ಬಿಸಿಲಿನಿಂದ ನೆಲವನ್ನು ಕಾಯುವ ಕಂಬಳಿಯನ್ನು ಸುಟ್ಟು, ಬಳಿಕ ನೀರಿಗಾಗಿ ಸಾಲ ಮಾಡುವ ಈ ಜಾಣತನ ನಮಗೆ ಅರ್ಥವಾಗದು. ಸಾಲುಗಳ ನಡುವೆ ಹರಡಿದರೆ ತೇವ ಆರದು, ಕಳೆಯೂ ಕಡಿಮೆ. ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಬಳಸಿಕೊಳ್ಳುವುದರಿಂದ ಸ್ವಲ್ಪ ಯೂರಿಯ ಎರಚಬೇಕು.

ಜಿಪ್ಸಮ್ಮಿನ ಮಾತು ಬೇರೆ. ಅದು ಸೋಡಿಯಮ್ ಹೆಚ್ಚಿ ಬಿಗಿದುಕೊಂಡ ಕ್ಷಾರ ನೆಲಕ್ಕೆ ಮದ್ದು, ಎಲ್ಲ ನೆಲಕ್ಕಲ್ಲ. ನೀರು ಬಸಿದುಹೋಗಲು ದಾರಿಯಿಲ್ಲದಿದ್ದರೆ ಅಲ್ಲಿಯೂ ಫಲವಿಲ್ಲ. ಮಣ್ಣು ಪರೀಕ್ಷೆಯಾಗದೆ ಅಂಗಡಿಯವನ ಮಾತಿಗೆ ಚೀಲ ಹೊರಬಾರದು.

ಇವುಗಳಿಂದ ಮಳೆ ಬಾರದು, ಬತ್ತಿದ ಬಾವಿ ತುಂಬದು. ಒಂದು ನೀರಿನಿಂದ ಇನ್ನೊಂದು ನೀರಿನ ತನಕ ಬೆಳೆ ತಾಳಿಕೊಳ್ಳುವ ದಿನಗಳು ಹೆಚ್ಚುತ್ತವೆ, ಅಷ್ಟೇ. ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರದಲ್ಲಾಗಲಿ ಮಂಡ್ಯದ ವಿ. ಸಿ. ಫಾರ್ಮಿನಲ್ಲಾಗಲಿ ಮನೆಯವರು ವಿಚಾರಿಸಬಹುದು. ಮಡ್ಡಿ ಮಾಗಲು ತಿಂಗಳುಗಳೇ ಬೇಕಾದ್ದರಿಂದ, ನಾಟಿಯ ಹೊತ್ತಿಗೆ ಕಾಯದೆ ಈಗಲೇ ಊರಿಗೆ ತಿಳಿಸುವುದು ಲೇಸು.